ಬೇಸರ ಹುಟ್ಟುವುದು ನೌಕರನಲ್ಲೋ, ಕೆಲಸದಲ್ಲೋ?

'ಇವನಿಗೆ ಕೆಲಸದಲ್ಲಿ ಆಸಕ್ತಿಯೇ ಇಲ್ಲ' ಎಂದು ಗೊಣಗುವ ಮೇಲ್ವಿಚಾರಕರು ಎಲ್ಲ ಕಡೆಯೂ ಇದ್ದಾರೆ. ಅದಕ್ಕೆ ಮದ್ದೆಂದು ಸ್ಫೂರ್ತಿ ತುಂಬುವ ಭಾಷಣ ಏರ್ಪಡಿಸುತ್ತಾರೆ. ಮೂಳೆ ಮುರಿದವನಿಗೆ ಮಂತ್ರ ಹಾಕಿದಷ್ಟೇ ಅದರ ಫಲ. ಮುರಿದಿರುವುದು ಕೆಲಸದ ರಚನೆ ಇರಬಹುದು ಎಂಬ ಅನುಮಾನವೇ ಬರುವುದಿಲ್ಲ.

ಆ ಅನುಮಾನವನ್ನು ಅಳತೆಗೆ ಇಳಿಸಿದವರು ಅಮೆರಿಕದ ರಿಚರ್ಡ್ ಹ್ಯಾಕ್‌ಮನ್. ಮೊದಲು ಓದಿದ್ದು ಗಣಿತ, 1966ರಲ್ಲಿ ಪಿಎಚ್‌ಡಿ ಪಡೆದದ್ದು ಸಾಮಾಜಿಕ ಮನೋವಿಜ್ಞಾನದಲ್ಲಿ. ಯೇಲ್‌ನಲ್ಲಿ 20 ವರ್ಷ, ಬಳಿಕ 1986ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ಹಾರ್ವರ್ಡ್‌ನಲ್ಲಿ ಪಾಠ. ಗ್ರೆಗ್ ಓಲ್ಡ್‌ಹ್ಯಾಮ್ ಜೊತೆ ಅವರು ರೂಪಿಸಿದ ಪ್ರಶ್ನಾವಳಿ ಕೆಲಸದ ಐದು ಗುಣಗಳಿಗೆ 1ರಿಂದ 7ರವರೆಗೆ ಅಂಕ ಕೊಡುತ್ತದೆ: ಎಷ್ಟು ಬಗೆಯ ಕೌಶಲ ಬೇಕು, ಕೆಲಸ ಆರಂಭದಿಂದ ಕೊನೆಯವರೆಗೆ ಒಬ್ಬರ ಕೈಯಲ್ಲೇ ಇರುತ್ತದೆಯೇ, ಅದರಿಂದ ಇತರರಿಗೆ ಎಷ್ಟು ಪ್ರಯೋಜನ, ತೀರ್ಮಾನಿಸುವ ಸ್ವಾತಂತ್ರ್ಯವೆಷ್ಟು, ಸರಿಯೋ ತಪ್ಪೋ ಎಂಬುದು ಕೆಲಸ ಮಾಡುವಾಗಲೇ ತಿಳಿಯುತ್ತದೆಯೇ.

ಸ್ವಾರಸ್ಯವಿರುವುದು ಲೆಕ್ಕದಲ್ಲಿ. ಮೊದಲ ಮೂರರ ಸರಾಸರಿ ತೆಗೆದು, ಅದನ್ನು ಸ್ವಾತಂತ್ರ್ಯದ ಅಂಕದಿಂದ, ಮತ್ತೆ ಸರಿತಪ್ಪು ತಿಳಿಯುವುದರ ಅಂಕದಿಂದ ಗುಣಿಸಬೇಕು. ಕೆಲಸ ತಾನಾಗಿಯೇ ಎಷ್ಟು ಹುರುಪು ತುಂಬಬಲ್ಲದು ಎಂಬುದರ ಅಂಕ ಅದು. ಗರಿಷ್ಠ 343. ಐದಕ್ಕೂ 6 ಬಂದರೆ 216. ಕೌಶಲ ಒಂದೇ 3ಕ್ಕೆ ಇಳಿದರೆ 180, ನಷ್ಟ ಹೆಚ್ಚೇನಲ್ಲ. ಸ್ವಾತಂತ್ರ್ಯ 3ಕ್ಕೆ ಇಳಿದರೆ ಸೀದಾ ಅರ್ಧ, 108. ಅದೇ 1 ಆದರೆ 36. ಮೊದಲ ಮೂರು ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತವೆ. ಉಳಿದೆರಡಕ್ಕೆ ಬದಲಿಯೇ ಇಲ್ಲ. ಬೇಸತ್ತವರನ್ನು ಒಂದು ನೀರಸ ಮೇಜಿನಿಂದ ಇನ್ನೊಂದು ನೀರಸ ಮೇಜಿಗೆ ಎತ್ತಿಹಾಕುವ ಉಪಾಯ ಯಾಕೆ ಸೋಲುತ್ತದೆ ಎಂಬುದಕ್ಕೆ ಇಲ್ಲೇ ಉತ್ತರವಿದೆ.

ಇದರ ಪರೀಕ್ಷೆ ನಡೆದದ್ದು ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿ, ಕಾರ್ಡುಗಳಿಗೆ ತೂತು ಹೊಡೆದು ಕಂಪ್ಯೂಟರಿಗೆ ಮಾಹಿತಿ ಉಣಿಸುತ್ತಿದ್ದ ವಿಭಾಗದಲ್ಲಿ. ಗುಮಾಸ್ತರು ಕೆಲಸವನ್ನು ಸುಮಾರು ಒಂದೊಂದು ತಾಸಿನ ಕಂತೆಗಳಾಗಿ ಹಂಚುತ್ತಿದ್ದರು. ಕಾಗದದಲ್ಲಿ ಢಾಳಾದ ತಪ್ಪು ಕಂಡರೂ ಇದ್ದದ್ದನ್ನು ಇದ್ದಹಾಗೇ ಒತ್ತಬೇಕು. ತಪ್ಪಾದ ಕಾರ್ಡು ತಿದ್ದಲು ಹೋಗುತ್ತಿದ್ದದ್ದು ಆ ಹೊತ್ತಿಗೆ ಬಿಡುವಾಗಿದ್ದ ಯಾರ ಬಳಿಗೋ. ತನ್ನ ತಪ್ಪು ತನಗೇ ಗೊತ್ತಾಗದ ಏರ್ಪಾಡು! ಬದಲಾವಣೆ ಸರಳವಾಗಿತ್ತು: ಇಂತಿಂಥ ಖಾತೆಗಳು ಇಂಥವರವೇ, ಅನುಮಾನ ಬಂದರೆ ಆ ಇಲಾಖೆಯನ್ನು ನೇರವಾಗಿ ಕೇಳಬಹುದು, ಎದ್ದುಕಾಣುವ ತಪ್ಪನ್ನು ತಾವೇ ತಿದ್ದಬಹುದು, ತಪ್ಪಾದ ಕಾರ್ಡು ಮಾಡಿದವರಿಗೇ ವಾಪಸ್, ವಾರಕ್ಕೊಮ್ಮೆ ತಪ್ಪಿನ ಪಟ್ಟಿಯೂ ಅವರ ಕೈಗೇ. ವರ್ಷದಲ್ಲಿ ಈ ಗುಂಪಿನ ಉತ್ಪಾದನೆ ಶೇ 39.6 ಏರಿತು, ಹಳೆಯ ಪದ್ಧತಿಯಲ್ಲೇ ಉಳಿದ ಗುಂಪಿನದು ಶೇ 8.1. ತಪ್ಪಿನ ಪ್ರಮಾಣ ಶೇ 1.53ರಿಂದ 0.99ಕ್ಕೆ ಇಳಿಯಿತು.

ಗುಣಾಕಾರ ಮಾತ್ರ ಉಳಿಯಲಿಲ್ಲ. 1987ರ ಒಂದು ಸಮೀಕ್ಷೆಯಲ್ಲಿ ಐದೂ ಅಂಕಗಳನ್ನು ಸುಮ್ಮನೆ ಕೂಡಿದ ಮೊತ್ತವೇ ಸೂತ್ರಕ್ಕಿಂತ ಚೆನ್ನಾಗಿ ಫಲ ಹೇಳಿತು. ಆ ಐದು ಗುಣಗಳಿಗೆ ಅದರಿಂದ ಧಕ್ಕೆಯಾಗಲಿಲ್ಲ. 2007ರಲ್ಲಿ 259 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅವು ತೃಪ್ತಿಯೊಂದಿಗೆ ಗಟ್ಟಿಯಾಗಿಯೇ ಹೆಣೆದುಕೊಂಡಿದ್ದವು. ಇಂಥ ಬದಲಾವಣೆ ಎಲ್ಲರ ಮೇಲೂ ಸಮನಾಗಿ ಕೆಲಸ ಮಾಡುತ್ತದೆ ಎಂದು ಹ್ಯಾಕ್‌ಮನ್ ಕೂಡ ಹೇಳಿರಲಿಲ್ಲ. ಹೊಸದನ್ನು ಕಲಿಯುವ ಹಂಬಲವಿಲ್ಲದವರಿಗೆ, ಸಂಬಳದ ಬಗ್ಗೆಯೇ ಸಿಟ್ಟಿರುವವರಿಗೆ ಹೆಚ್ಚಿನ ಹೊಣೆ ಬರೀ ಹೊರೆಯಾಗಬಹುದು.

ಮುಂದೆ ಅವರು ಹಿಡಿದದ್ದು ತಂಡಗಳ ಅಧ್ಯಯನ, ಅದರಲ್ಲೂ ವಿಮಾನದ ಕಾಕ್‌ಪಿಟ್. ಅಲ್ಲಿಯೂ ಅದೇ ಕಥೆ: ದೂರು ಪೈಲಟ್ ಮೇಲೆ, ದೋಷ ವ್ಯವಸ್ಥೆಯಲ್ಲಿ. ಅವರು ಉಲ್ಲೇಖಿಸುತ್ತಿದ್ದ ಅಮೆರಿಕದ ಸುರಕ್ಷತಾ ಮಂಡಳಿಯ ದಾಖಲೆಗಳ ಪ್ರಕಾರ, ಅವಘಡಗಳಲ್ಲಿ ಶೇ 73 ನಡೆದದ್ದು ಆ ಸಿಬ್ಬಂದಿ ಒಟ್ಟಿಗೆ ಹಾರಿದ ಮೊದಲ ದಿನವೇ. ನಾಸಾ ಅಧ್ಯಯನವೊಂದರಲ್ಲಿ, ದಣಿದಿದ್ದರೂ ಜೊತೆಯಾಗಿ ಹಾರಿ ಪಳಗಿದವರು, ವಿಶ್ರಾಂತಿ ಪಡೆದ ಅಪರಿಚಿತ ಜೋಡಿಗಳಿಗಿಂತ ಸುಮಾರು ಅರ್ಧದಷ್ಟೇ ತಪ್ಪು ಮಾಡಿದರು. ಆದರೂ ವೇಳಾಪಟ್ಟಿ ಹಾಕುವವರಿಗೆ ವಿಮಾನವಾಗಲಿ ಪೈಲಟ್ ಆಗಲಿ ಖಾಲಿ ಕೂರಬಾರದು ಎಂಬುದೇ ಮುಖ್ಯ; ಯಾರ ಪಕ್ಕ ಯಾರು ಎಂಬುದು ಆಮೇಲಿನ ಮಾತು.