ಇಪ್ಪತ್ತು, ನಲವತ್ತು: ಶೇಂಗಾ ಕುಲದ ವರ್ಣತಂತುಗಳ ಲೆಕ್ಕ

ಶೇಂಗಾ ಗಿಡದ ಜೀವಕೋಶದಲ್ಲಿ 40 ವರ್ಣತಂತುಗಳಿವೆ. ಅದರ ಕಾಡು ಬಂಧುಗಳಲ್ಲಿ ಹೆಚ್ಚಿನವಕ್ಕೆ 20 ಮಾತ್ರ. ರೋಗ ತಡೆಯುವ ಗುಣ ಕಾಡು ಗಿಡಗಳಲ್ಲಿ ಧಾರಾಳವಾಗಿದ್ದರೂ ಅದನ್ನು ಬೆಳೆಗೆ ತರಲು ದಶಕಗಳೇ ಹಿಡಿದದ್ದು ಮುಖ್ಯವಾಗಿ ಈ ಅಂತರದಿಂದ.

ಶೇಂಗಾ ಸೇರಿರುವ, ದಕ್ಷಿಣ ಅಮೆರಿಕದ ಅರಾಕಿಸ್ ಕುಲದ 69 ಪ್ರಭೇದಗಳನ್ನು ಸಸ್ಯವಿಜ್ಞಾನಿಗಳಾದ ಕ್ರಪೋವಿಕಾಸ್ ಮತ್ತು ಗ್ರೆಗರಿ 1994ರಲ್ಲಿ 9 ವಿಭಾಗಗಳಾಗಿ ವಿಂಗಡಿಸಿದರು. ಈಗ ಪ್ರಭೇದಗಳ ಸಂಖ್ಯೆ 80 ದಾಟಿದೆ. ಡೆಕೋರಾ, ಪಲುಸ್ಟ್ರಿಸ್, ಪ್ರೇಕಾಕ್ಸ್ ಎಂಬ ಮೂರು ಪ್ರಭೇದಗಳಲ್ಲಿ 18 ವರ್ಣತಂತುಗಳಿರುವುದು ವಿಶೇಷ.

ಎಣಿಸುವುದು ಸುಲಭವಲ್ಲ. ಬೆಳೆಯುತ್ತಿರುವ ಬೇರಿನ ತುದಿಯನ್ನು ವರ್ಣತಂತುಗಳನ್ನು ಮೊಟಕಾಗಿಸುವ 8-ಹೈಡ್ರಾಕ್ಸಿಕ್ವಿನೋಲಿನ್ ದ್ರಾವಣದಲ್ಲಿ ಸುಮಾರು 3 ಗಂಟೆ ಇಟ್ಟು, 3 ಪಾಲು ಎಥನಾಲ್ ಮತ್ತು 1 ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಸ್ಥಿರಗೊಳಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ ಹರಡಬೇಕು. ಮೊದಲ ದ್ರಾವಣದಲ್ಲಿ ಕಡಿಮೆ ಹೊತ್ತಿಟ್ಟರೆ ತಂತುಗಳು ಒಂದರ ಮೇಲೊಂದು ಬೀಳುತ್ತವೆ. ಹೆಚ್ಚು ಹೊತ್ತಿಟ್ಟರೆ ತೀರಾ ಮೊಟಕಾಗಿ ಗುರುತೇ ಸಿಗುವುದಿಲ್ಲ. ಇಷ್ಟು ಪುಟ್ಟ ತಂತುಗಳ ನಡುವೆಯೂ ವಿಜ್ಞಾನಿ ಹಸ್ಟೆಡ್ 1930ರ ದಶಕದಲ್ಲೇ ಒಂದು ಚಿಕ್ಕ ಜೋಡಿಯನ್ನು 'ಎ' ಎಂದೂ, ಹೆಚ್ಚುವರಿಯಾಗಿ ಒಂದೆಡೆ ಕಿರಿದಾಗಿರುವ ಇನ್ನೊಂದನ್ನು 'ಬಿ' ಎಂದೂ ಬೇರ್ಪಡಿಸಿದರು. ಶೇಂಗಾದೊಳಗೆ ಎರಡು ವಂಶಗಳಿವೆ ಎಂಬುದರ ಮೊದಲ ಸುಳಿವು ಅದು.

ಆ ಎರಡು ವಂಶಗಳು ಡ್ಯುರನೆನ್ಸಿಸ್ ಮತ್ತು ಇಪಾಯೆನ್ಸಿಸ್ ಎಂಬ ಕಾಡು ಪ್ರಭೇದಗಳದ್ದು. ಇವೆರಡರ ಮಿಶ್ರಗಿಡದ ವರ್ಣತಂತುಗಳು ದುಪ್ಪಟ್ಟಾಗಿ ನಲವತ್ತಾದವು. 2016ರಲ್ಲಿ ಎರಡೂ ಪ್ರಭೇದಗಳ ಜೀನೋಮ್ (ಪೂರ್ಣ ಡಿಎನ್ಎ) ಓದಿದಾಗ ಇಪಾಯೆನ್ಸಿಸ್ ಮತ್ತು ಶೇಂಗಾದ 'ಬಿ' ವಂಶದ ಭಾಗ ಬಹುತೇಕ ಒಂದೇ ಆಗಿ ಕಂಡವು. ಇಪಾಯೆನ್ಸಿಸ್ ಸಿಕ್ಕಿದ್ದು ಬೊಲಿವಿಯಾದ ಒಂದೇ ತಾಣದಲ್ಲಿ. ದುಪ್ಪಟ್ಟಾದ ಗಿಡ ತನ್ನನ್ನು ಹೆತ್ತ ಪ್ರಭೇದಗಳೊಂದಿಗೆ ಸುಲಭವಾಗಿ ಕೂಡದು. ಹಾಗಾಗಿ ಲೋಕದ ಶೇಂಗಾವೆಲ್ಲ ಆ ಕಿರಿದಾದ ಬುಡದಿಂದಲೇ ಕವಲೊಡೆಯಿತು. ಆಕಾರ, ಬಣ್ಣಗಳಲ್ಲಿ ತಳಿಗಳು ಎಷ್ಟು ಬೇರೆ ಕಂಡರೂ ಡಿಎನ್ಎ ಮಟ್ಟದ ವೈವಿಧ್ಯ ಅತ್ಯಲ್ಪ.

ಶೇಂಗಾದ ಹೂವಿಗೆ ಕಾಡು ಪ್ರಭೇದದ ಪರಾಗ ಹಾಕಿದರೆ 30 ವರ್ಣತಂತುಗಳ ಗಿಡ ಹುಟ್ಟುತ್ತದೆ. ಮೂರು ಸೆಟ್ ಜೋಡಿಯಾಗಲಾರದೆ ಪರಾಗ ಬಹುಪಾಲು ಬಂಜೆಯಾಗುತ್ತದೆ. ಇದಕ್ಕೆ ಎರಡು ದಾರಿಗಳಿವೆ. ಮೂವತ್ತನ್ನು, ವರ್ಣತಂತುಗಳನ್ನು ದುಪ್ಪಟ್ಟಾಗಿಸುವ ರಾಸಾಯನಿಕವಾದ ಕೊಲ್ಚಿಸಿನ್‌ನಿಂದ ಅರುವತ್ತು ಮಾಡಿ, ಶೇಂಗಾ ಜೊತೆ ಮತ್ತೆ ಮತ್ತೆ ಕೂಡಿಸಿ ನಲವತ್ತಕ್ಕೆ ಇಳಿಸುವುದು ಒಂದು. ಇದರಲ್ಲಿ ಪೀಳಿಗೆಗಟ್ಟಲೆ ಕಾಯಬೇಕು. ಎರಡನೆಯದರಲ್ಲಿ ಮೊದಲು ಕಾಡು ಪ್ರಭೇದಗಳನ್ನೇ ಕೂಡಿಸಿ ನಲವತ್ತು ಮಾಡಿಕೊಂಡು, ಆಮೇಲೆ ಶೇಂಗಾ ಜೊತೆ ಕೂಡಿಸುತ್ತಾರೆ. ತಳಿವಿಜ್ಞಾನಿ ಚಾರ್ಲ್ಸ್ ಸಿಂಪ್ಸನ್ ಟೆಕ್ಸಾಸ್‌ನಲ್ಲಿ ಹಿಡಿದದ್ದು ಇದನ್ನೇ: ಕಾಡು ಪ್ರಭೇದಗಳಾದ ಕಾರ್ಡೆನಾಸಿ ಮತ್ತು ಡಿಯೋಗೋಯ್‌ ಕೂಡಿಸಿ, ಆ ಮಿಶ್ರಗಿಡವನ್ನು ಇನ್ನೊಂದು ಕಾಡು ಪ್ರಭೇದ ಬಟಿಜೊಕೊಯ್‌ಗೆ ಕೂಡಿಸಿ, ಬಂಜೆ ಗಿಡವನ್ನು ಕೊಲ್ಚಿಸಿನ್‌ನಿಂದ ದುಪ್ಪಟ್ಟು ಮಾಡಿದರು. 1999ರಲ್ಲಿ ಬಿಡುಗಡೆಯಾದ ಕೋನ್ ಎಂಬ ಶೇಂಗಾ ತಳಿಗೆ ಬೇರುಗಂಟು ಹುಳುವಿನ ನಿರೋಧ ಬಂದದ್ದು ಈ ಸಾಲಿನಿಂದ.

ಆದರೆ ನಿರೋಧದ ಜೀನ್ ಒಂಟಿಯಾಗಿ ಬರಲಿಲ್ಲ. ಅದಿರುವ ಕಾಡು ವರ್ಣತಂತುವಿನ ತುಣುಕು ಶೇಂಗಾದ ವರ್ಣತಂತುವಿನೊಂದಿಗೆ ವಿನಿಮಯಕ್ಕೆ ಅಷ್ಟಾಗಿ ಒಗ್ಗದ್ದರಿಂದ ಉದ್ದವಾಗಿಯೇ ಉಳಿಯಿತು. ಅದರ ಬೆನ್ನಿಗೆ ಬಂದ ಬೇಡದ ಗುಣಗಳನ್ನು ಕಳಚಲು ಈಗ ಡಿಎನ್ಎ ಗುರುತುಗಳನ್ನು ಹಿಡಿದು, ತುಣುಕು ಮುರಿದ ಅಪರೂಪದ ಸಸಿಗಳನ್ನು ಆರಿಸಬೇಕಾಗುತ್ತದೆ.