ಪದ ಪರಿಚಯ: ಅನಿಮ್ಯಾಟಿಕ್

ಸ್ಟೋರಿಬೋರ್ಡಿನ, ಅಂದರೆ ಒಂದೊಂದು ಶಾಟನ್ನೂ ಕಾಗದದ ಮೇಲೆ ಚೌಕದೊಳಗೆ ಬಿಡಿಸಿಟ್ಟ ಹಾಳೆಗಳ, ಚಿತ್ರಗಳನ್ನು ಹಾಡಿನ ಆಡಿಯೊ ಮೇಲೆ, ಒಂದೊಂದು ಶಾಟ್ ಎಷ್ಟು ಹೊತ್ತು ತೆರೆಯ ಮೇಲಿರಬೇಕೋ ಅಷ್ಟೇ ಹೊತ್ತಿಗೆ ಜೋಡಿಸಿದ ಕಚ್ಚಾ ವಿಡಿಯೊಗೆ ಅನಿಮ್ಯಾಟಿಕ್ ಎನ್ನುತ್ತಾರೆ. ಅನಿಮೇಷನ್‌ನವರು ಹಿಂದೆ ಇದನ್ನೇ ಲೈಕಾ ರೀಲ್ ಎನ್ನುತ್ತಿದ್ದರು. ಸ್ಟೋರಿಬೋರ್ಡಿನಲ್ಲಿ ಇಲ್ಲದ್ದು, ಇದರಲ್ಲಿ ಇರುವುದು ಒಂದೇ: ಅವಧಿ. ಕಾಗದದ ಮೇಲಿನ ಚೌಕ ಎರಡು ಸೆಕೆಂಡಿನದೋ ಹತ್ತು ಸೆಕೆಂಡಿನದೋ ನೋಡಿದರೆ ತಿಳಿಯುವುದಿಲ್ಲ. ಕಾಲೇಜು ತಂಡಗಳ ಮ್ಯೂಸಿಕ್ ವಿಡಿಯೊ ಎಡವುವುದು ಹೆಚ್ಚಾಗಿ ಇಲ್ಲೇ. ಪಲ್ಲವಿಗೆ ರಾಶಿ ಶಾಟ್ ಇರುತ್ತವೆ, ಬಿಜಿಎಂ (ಸಾಲುಗಳ ನಡುವೆ ಬರೀ ವಾದ್ಯ ನುಡಿಯುವ ಭಾಗ) ಬಂದಾಗ ತೋರಿಸಲು ಏನೂ ಇರುವುದಿಲ್ಲ.

ಲೆಕ್ಕ ಹಾಡಿನಿಂದಲೇ ಶುರುವಾಗಬೇಕು. ನಿಮಿಷಕ್ಕೆ 96 ಬೀಟ್‌ನ, ನಾಲ್ಕೆಣಿಕೆಯ ಹಾಡು ಎಂದಿಟ್ಟುಕೊಳ್ಳಿ. ಒಂದು ಬೀಟ್ 0.625 ಸೆಕೆಂಡ್, ನಾಲ್ಕು ಬೀಟ್ ಸೇರಿದ ಒಂದು ಬಾರ್ 2.5 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್ ಇದ್ದರೆ ಬೀಟಿಗೆ ಸರಿಯಾಗಿ 15 ಫ್ರೇಮ್, ಬಾರಿಗೆ 60. ಹಾಡು 3 ನಿಮಿಷ 20 ಸೆಕೆಂಡಾದರೆ ಒಟ್ಟು 80 ಬಾರ್: ಆರಂಭದ ವಾದ್ಯ 8, ಪಲ್ಲವಿ 16, ಬಿಜಿಎಂ 8, ಚರಣ 16, ಮತ್ತೆ ಪಲ್ಲವಿ 8, ಎರಡನೇ ಬಿಜಿಎಂ 8, ಕೊನೆಯ ಪಲ್ಲವಿ 16. ಎರಡು ಬಿಜಿಎಂ ಸೇರಿದರೇ 40 ಸೆಕೆಂಡ್, ಅಷ್ಟು ಹೊತ್ತು ತುಟಿಯಾಡಿಸುವವರೇ ಇಲ್ಲ. ಹಾಗಾಗಿ ಮೊದಲು ಯೋಚಿಸಬೇಕಾದ್ದೂ ಅದನ್ನೇ.

ಎಲ್ಲ ಹಾಡೂ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. 120 ಬೀಟಿನ ಹಾಡಿಗೆ ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಬೀಟಿಗೆ ಹನ್ನೆರಡೂವರೆ ಫ್ರೇಮ್. ಅರ್ಧ ಫ್ರೇಮಿಗೆ ಕತ್ತರಿ ಹಾಕಲಾಗದು, ಬಾರಿನ ಲೆಕ್ಕ ಹಿಡಿಯಿರಿ. ಒಂದು ಬಾರ್ 50 ಫ್ರೇಮಿಗೆ ಸರಿಹೋಗುತ್ತದೆ. ತಿಶ್ರ ನಡೆಯ ಹಾಡಿಗೆ ಮೂರರ ಎಣಿಕೆ, ಮಿಶ್ರಛಾಪಿಗೆ ಏಳರದು. ಇವನ್ನು ನಾಲ್ಕರ ಗುಂಪು ಮಾಡಿ ಕಟ್ ಇಟ್ಟವರಿಗೆ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಏನೆಂದು ಮಾತ್ರ ಹೊಳೆಯುವುದಿಲ್ಲ.

ಜೋಡಿಸಲು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಧಾರಾಳ ಸಾಕು. ಮೊದಲ ಕೆಲಸ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದರ ನಿಗದಿ; ಒಮ್ಮೆ ಕ್ಲಿಪ್ ಒಳಗೆ ಬಂದರೆ ಆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಅದು ಬಿಡದು. ಆಮೇಲೆ ಹಾಡಿನ ಅಂತಿಮ ಮಿಕ್ಸ್ ಅನ್ನು ವೇವ್ ಫೈಲಾಗಿಯೇ ತನ್ನಿ. ಎಂಪಿ3 ಮಾಡುವಾಗ ಫೈಲಿನ ತಲೆಗೆ ಚೂರು ಮೌನ ಸೇರಿಕೊಳ್ಳುತ್ತದೆ. ಎಂಪಿ3 ಮೇಲೆ ಎಡಿಟ್ ಮಾಡಿ ಕೊನೆಗೆ ವೇವ್ ಹಾಕಿದರೆ ಇಡೀ ಹಾಡು ಕೂದಲೆಳೆಯಷ್ಟು ಜರುಗಿರುತ್ತದೆ. ಹಾಡು ಓಡುತ್ತಿರುವಾಗಲೇ ಪ್ರತಿ ಬಾರಿನ ಮೊದಲ ಪೆಟ್ಟಿಗೆ ‘ಎಂ’ ಕೀಲಿ ಒತ್ತುತ್ತ ಹೋದರೆ ಗುರುತು ಬೀಳುತ್ತವೆ.

ಚಿತ್ರ ಬಿಡಿಸಲು ಕಲೆ ಬೇಕಿಲ್ಲ, ಕಡ್ಡಿಗೊಂಬೆ ಸಾಕು. 8 ಸೆಂಟಿಮೀಟರ್ ಅಗಲ, 4.5 ಎತ್ತರದ ಚೌಕ ಎ4 ಹಾಳೆಗೆ ಆರು ಹಿಡಿಯುತ್ತವೆ, ಅಡಿಯಲ್ಲಿ ಬರೆದುಕೊಳ್ಳಲು ಜಾಗವೂ ಉಳಿಯುತ್ತದೆ. ಪ್ರತಿ ಚೌಕಕ್ಕೂ ಶಾಟ್ ನಂಬರ್, ಜಾಗ, ಹಾಡುವ ಶಾಟೋ ಕಥೆಯ ಶಾಟೋ ಎಂಬುದು ಇರಲಿ. ಫೋನಿನಲ್ಲಿ ಫೋಟೊ ತೆಗೆದು ಗುರುತುಗಳ ನಡುವೆ ಕೂರಿಸಿ. ರಿಸಾಲ್ವ್ ಪ್ರತಿ ಫೋಟೊಗೂ ತಾನಾಗಿಯೇ 5 ಸೆಕೆಂಡ್ ಕೊಡುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಅನಿಮ್ಯಾಟಿಕ್ ಆಗುವುದಿಲ್ಲ, ಸ್ಲೈಡ್ ಶೋ ಆಗುತ್ತದೆ.

ಇಲ್ಲೊಂದು ಮೋಸವಿದೆ. ಕಡ್ಡಿಗೊಂಬೆ ಕಣ್ಣಿಗೆ ಬಿದ್ದ ಕ್ಷಣವೇ ಅರ್ಥವಾಗುತ್ತದೆ, ಆದ್ದರಿಂದ ಎಲ್ಲ ಶಾಟೂ ಉದ್ದವೆನಿಸಿ ಕತ್ತರಿಸುವ ಚಪಲ ಬರುತ್ತದೆ. ನಿಜವಾದ ಮನುಷ್ಯ ಬಾಗಿಲಿಂದ ಬಾವಿಕಟ್ಟೆಯವರೆಗೆ ನಡೆಯಲು 7 ಸೆಕೆಂಡ್ ತೆಗೆದುಕೊಂಡರೆ ಎರಡು ಸೆಕೆಂಡಿನ ಚೌಕದಲ್ಲಿ ಅದನ್ನು ತುರುಕಲಾಗದು. ಚಲನೆಯಿರುವ ಶಾಟ್‌ಗಳನ್ನು ಯಾರಾದರೂ ನಡೆದು ತೋರಿಸಲಿ, ಆ ಫೋನ್ ವಿಡಿಯೊವನ್ನೇ ಚಿತ್ರದ ಬದಲು ಹಾಕಿ. ಹೀಗೆ ಅರೆಬರೆ ಚಿತ್ರ, ಅರೆಬರೆ ವಿಡಿಯೊ ಆಗಿರುವ ಅನಿಮ್ಯಾಟಿಕ್ಕೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸ್ಲೋ ಮೋಷನ್ ಶಾಟ್‌ಗಳೂ ಈ ಹಂತದಲ್ಲೇ ಗೊತ್ತಾಗಬೇಕು. 48 ಫ್ರೇಮ್‌ನಲ್ಲಿ ಚಿತ್ರಿಸಿ 24ರಲ್ಲಿ ಓಡಿಸುವಾಗಲೂ ತುಟಿ ಹಾಡಿಗೆ ಕೂಡಬೇಕಾದರೆ, ಸೆಟ್ಟಿನಲ್ಲಿ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಬೇಕು. ಆ ಟ್ರ್ಯಾಕ್ ಹಿಂದಿನ ದಿನವೇ ಸಿದ್ಧವಿರಲಿ, ಹಾಡುವವರು ಅದಕ್ಕೆ ಅಭ್ಯಾಸ ಮಾಡಿರಲಿ. ಸೆಟ್ಟಿನಲ್ಲಿ ಹಾಡು ಹಾಕುವುದಕ್ಕೆ ದಕ್ಷಿಣದ ಚಿತ್ರರಂಗದಲ್ಲಿ ‘ನಾಗ್ರಾ’ ಎನ್ನುವುದುಂಟು. ಪೋಲೆಂಡಿನಲ್ಲಿ ಹುಟ್ಟಿದ ಸ್ಟೆಫಾನ್ ಕುಡೆಲ್ಸ್ಕಿ 1951ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಿಸಿದ ಟೇಪ್ ರೆಕಾರ್ಡರಿನ ಹೆಸರದು. ನಿಮ್ಮ ನಾಗ್ರಾ ಬ್ಲೂಟೂತ್ ಸ್ಪೀಕರೇ ಆಗಿರಲಿ, ಪ್ರತಿ ತುಂಡಿನ ಮುಂಚೆ ನಾಲ್ಕು ಬೀಪ್ ಸೇರಿಸಿಡಿ. ಬೀಪ್ ಇಲ್ಲದಿದ್ದರೆ ಮೊದಲ ಸಾಲಿನ ತುಟಿ ಎಲ್ಲ ಟೇಕಿನಲ್ಲೂ ತಡವಾಗಿಯೇ ಬರುತ್ತದೆ.

ಕೂಡಿಸಿದ ಮೇಲೆ ಹಾಡು ಪರಿಚಯವಿಲ್ಲದ ಒಬ್ಬರಿಗೆ ತೋರಿಸಿ, ನಡುವೆ ವಿವರಿಸಬೇಡಿ. ಎಲ್ಲಿ ಅವರು ಫೋನ್ ನೋಡುತ್ತಾರೋ ಆ ಬಾರ್ ಬರೆದುಕೊಳ್ಳಿ. ತಿದ್ದಿ ಮುಗಿದ ಬಳಿಕ ಶಾಟ್‌ಗಳನ್ನು ಹಾಡಿನ ಕ್ರಮದಿಂದ ಬಿಡಿಸಿ ಜಾಗದ ಕ್ರಮಕ್ಕೆ ಜೋಡಿಸಿದರೆ ಶಾಟ್ ಲಿಸ್ಟ್ ಸಿದ್ಧ. 70 ಶಾಟ್ ಇದ್ದರೂ ಕ್ಯಾಮೆರಾ ನಿಲ್ಲುವ ಜಾಗ ಮೂವತ್ತರ ಆಸುಪಾಸಿಗೆ ಇಳಿಯಬಹುದು. ಹೊಸ ತಂಡ ಬೆಳಗಿನಿಂದ ಸಂಜೆವರೆಗೆ ಇಪ್ಪತ್ತು ಜಾಗ ಮುಗಿಸಿದರೆ ಅದೇ ಹೆಚ್ಚು, ಆದ್ದರಿಂದ ಎರಡು ದಿನದ ಬಾಡಿಗೆ, ಊಟ, ಅನುಮತಿ ಲೆಕ್ಕ ಹಾಕಿ. ಒಂದೇ ದಿನ ಸಿಗುವುದಾದರೆ ಯಾವ ಶಾಟ್ ಬಿಡಬೇಕೆಂಬುದನ್ನು ಅನಿಮ್ಯಾಟಿಕ್‌ನಲ್ಲೇ ಅಳಿಸಿ ನೋಡಿ. ಬಿಸಿಲು ಇಳಿಯುವ ಹೊತ್ತಿಗೆ ಸೆಟ್ಟಿನಲ್ಲಿ ನಿಂತು ಅಳಿಸುವುದು ಸಾಮಾನ್ಯವಾಗಿ ಬೇಕಾದ ಶಾಟನ್ನೇ.