ಮಂತ್ರಿಯನ್ನು ಸುಮ್ನೆ ಬಿಟ್ಟುಕೊಡುವ ಯಂತ್ರ

ಮೈಸೂರಿನ ಕುವೆಂಪುನಗರದ ನಮ್ಮ ಪಕ್ಕದ ಮನೆ ಹುಡುಗ ಮೊನ್ನೆ ತಾನಾಡಿದ ಚೆಸ್ ಆಟ ತೋರಿಸೋಕೆ ಮೊಬೈಲ್ ಹಿಡ್ಕೊಂಡು ಬಂದ. "ಅಂಕಲ್, ಇಲ್ಲಿ ಕುದುರೆಯಿಂದ ಹೊಡೀಬೇಕಿತ್ತಂತೆ. ಯಾಕೆ ಅಂತ ಮಾತ್ರ ಇದು ಹೇಳಲ್ಲ." ಪರದೆ ಮೇಲೆ ಕಂಪ್ಯೂಟರ್ ಕೊಟ್ಟ ಅಂಕ +2.3 ಅಂತಿತ್ತು. ಎರಡು ಕಾಲಾಳು ಜಾಸ್ತಿ ಇದ್ದಷ್ಟು ಅನುಕೂಲ ಅಂತ ಲೆಕ್ಕ. ಕಂಪ್ಯೂಟರ್ ಇಟ್ಟುಕೊಂಡು ಚೆಸ್ ಕಲಿಯುವವರ ಹಳೇ ತಕರಾರು ಇದು.

ಮೈಸೂರಿಗೆ ಚದುರಂಗದ ಹುಚ್ಚು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸಿದ್ದರು. ನಡೆಗಳಿಗೆ ಸಂಖ್ಯೆ ಹಾಕಿದರೆ ಅಡ್ಡ, ಉದ್ದ ಯಾವ ಸಾಲು ಕೂಡಿದರೂ 260! ಕಂಪ್ಯೂಟರ್ ಇಲ್ಲದ ಕಾಲದಲ್ಲಿ.

ಯಂತ್ರದಿಂದ ಚೆಸ್ ಆಡಿಸುವುದು ಹೇಗೆಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲೇ ಬರೆದ. 1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಸೋಲಿಸಿತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿದ್ದ ದೈತ್ಯ. 2006ರಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಮಾಮೂಲಿ ಕಂಪ್ಯೂಟರಿನಲ್ಲಿ ಓಡುವ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಎದುರು ಸೋತರು. ಒಂದೇ ನಡೆಯಲ್ಲಿ ಬೀಳುವ ಚೆಕ್‌ಮೇಟ್ ಅವರ ಕಣ್ಣಿಗೇ ಬೀಳಲಿಲ್ಲ.

ನಾವು ಸಿ.ಡಿ. ಹಾಕಿ ಆಡುತ್ತಿದ್ದ ಕಾಲ ಅದು. ಪೂರ್ತಿ ಶಕ್ತಿಯಲ್ಲಿ ಆಡಿಸಿದರೆ ಹದಿನೈದು ನಡೆಗೆ ನಮ್ಮ ಕಥೆ ಮುಗೀತಿತ್ತು. ಮಟ್ಟ ಇಳಿಸಿದರೆ ಇನ್ನೊಂದು ಗೋಳು. ಇಪ್ಪತ್ತು ನಡೆ ಪಂಡಿತನ ಹಾಗೆ ಆಡಿ, ಇದ್ದಕ್ಕಿದ್ದಂತೆ ಮಂತ್ರಿಯನ್ನು ಬಿಟ್ಟುಕೊಡೋದು. ಎಲ್ಲ ಗೊತ್ತಿದ್ದೂ ಬೇಕಂತಲೇ ಆಗಾಗ ಕೆಟ್ಟ ನಡೆ ಆರಿಸುತ್ತಿತ್ತು, ಅಷ್ಟೇ. ಮನುಷ್ಯ ಹಾಗೆ ತಪ್ಪು ಮಾಡಲ್ಲ ಅಲ್ವಾ? ತನ್ನ ದಾಳಿಯ ಗುಂಗಿನಲ್ಲಿ ಎದುರಾಳಿಯ ಒಂಟೆಯನ್ನು ಮರೀತಾನೆ. ಅಂಥ ಯಂತ್ರವನ್ನು ಗೆದ್ದು ನಾನಂತೂ ಏನೂ ಕಲಿಯಲಿಲ್ಲ.

2008ರಲ್ಲಿ ಸ್ಟಾಕ್‌ಫಿಶ್ ಎಂಬ ಪುಕ್ಕಟೆ ಚೆಸ್ ಪ್ರೋಗ್ರಾಂ ಬಂತು. 2017ರಲ್ಲಿ ಆಲ್ಫಾಝೀರೊ ಎಂಬ ಇನ್ನೊಂದು ಪ್ರೋಗ್ರಾಂ ಬರೀ ನಿಯಮ ತಿಳಿದುಕೊಂಡು, ತನ್ನ ಜೊತೆ ತಾನೇ ಆಡಿ ಕೆಲವೇ ಗಂಟೆಗಳಲ್ಲಿ ಅದನ್ನೂ ಮೀರಿಸಿತು. ಆದರೆ ನಮ್ಮ ಗೋಳಿಗೆ ಮದ್ದು ಹುಡುಕಿದ್ದು 2020ರ ಮಾಯಾ ಎಂಬ ಪ್ರೋಗ್ರಾಂ. ಗೆಲ್ಲುವ ನಡೆಯನ್ನಲ್ಲ, ನಮ್ಮ ಮಟ್ಟದ ಆಟಗಾರ ಆಡುವಂಥ ನಡೆಯನ್ನು ಊಹಿಸಲು ಅದಕ್ಕೆ ಜನರ ಆಟಗಳಿಂದಲೇ ಪಾಠ ಮಾಡಿದರು.

ಹುಡುಗನ ಮೊಬೈಲ್ ಬೋರಲು ಹಾಕಿಸಿ, ಮಣೆ ಮೇಲೆ ಕಾಯಿ ಜೋಡಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಕುದುರೆಯಿಂದ ಹೊಡೆದರೆ ನಾಲ್ಕು ನಡೆ ಆದಮೇಲೆ ಎದುರಾಳಿಯ ಒಂಟೆಗೆ ಓಡಲು ಮನೆಯೇ ಇರಲ್ಲ! "ಈಗ ಇಲ್ಲಿಂದ ಸ್ಟಾಕ್‌ಫಿಶ್ ಎದುರು ಆಡಿ ಗೆಲ್ಲು ನೋಡೋಣ" ಅಂದೆ. ಈ ಕೆಲಸಕ್ಕೆ ಅದರಂಥ ಜೊತೆಗಾರ ಇಲ್ಲ, ಸೋಲುವ ಆಟವನ್ನೂ ಸುಲಭಕ್ಕೆ ಬಿಟ್ಟುಕೊಡಲ್ಲ. ಹುಡುಗ ಮೂರು ಸಲ ಸೋತ. ನಾಲ್ಕನೇ ಸಲ ಡ್ರಾ ಮಾಡಿಕೊಂಡು, ಊಟಕ್ಕೆ ಅವರಮ್ಮ ಕೂಗಿದರೂ ಏಳಲಿಲ್ಲ.